ಕುದುರೆ ಮನೆಯ ಕಾಲಾಳು

ಎದುರಾಳಿಯ ರಾಜನಿಗೆ ಚೆಕ್ ಕೊಡಲೆಂದು ಲೋಹಿತ್ ಪರದೆಯ ಮೇಲಿದ್ದ ತನ್ನ ಕುದುರೆಯ ಕಡೆಗೆ ಬೆರಳು ಚಾಚಿದ್ದನಷ್ಟೇ, ಬಲಗೈ ಮಣಿಕಟ್ಟಿನಲ್ಲಿ ಇರುವೆ ಹರಿದಂತಾಯಿತು. ಬೆರಳು ಅಲ್ಲೇ ನಿಂತಿತು. ಅವನು ಕೈ ಹಿಂದಕ್ಕೆಳೆದುಕೊಂಡು, ಕುರ್ಚಿಗೆ ಒರಗಿ, ಮಣೆಯನ್ನು ಇನ್ನೊಮ್ಮೆ ಮೂಲೆಯಿಂದ ಮೂಲೆಗೆ ನೋಡಿದ. ಕುದುರೆ ಹಾರಿದರೆ ಚೆಕ್ಕೇನೋ ಆಗುತ್ತಿತ್ತು. ಆದರೆ ಮರುನಡೆಯಲ್ಲಿ ಎದುರಾಳಿಯ ಒಂಟೆ ಓರೆಯಾಗಿ ಬಂದು ಅವನ ಆನೆಯನ್ನು ನುಂಗಿಬಿಡುತ್ತಿತ್ತು. ಆ ಒಂಟೆ ಆರು ನಡೆಗಳಿಂದ ಅಲ್ಲೇ ಕೂತಿತ್ತು. ಅವನ ಕಣ್ಣಿಗೆ ಬಿದ್ದದ್ದು ಮಾತ್ರ ಈಗ. ಲೋಹಿತ್ ಆನೆಯನ್ನು ಒಂದು ಮನೆ ಪಕ್ಕಕ್ಕೆ ಸರಿಸಿದ. ಇಪ್ಪತ್ತು ನಡೆಗಳಾದ ಮೇಲೆ ಆಟ ಗೆದ್ದ.

ಅಡುಗೆಮನೆಯ ಕಡೆ ತಿರುಗಿ ಗೆದ್ದೆ ಅಂತ ಕೂಗಿ ಹೇಳಿದ. ಗೆದ್ದದ್ದು ನೀವಲ್ಲ, ಬಳೆ ಅಂತ ಅಲ್ಲಿಂದ ಉತ್ತರ ಬಂತು. ಉತ್ತರ ಕೊಟ್ಟವಳು ಹೆಂಡತಿ ರಂಜಿತಾ, ಅರಸೀಕೆರೆಯ ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್. ಮೂವತ್ತು ವರ್ಷ ದನಗಳ ಜೊತೆ ಏಗಿದವಳಿಗೆ ಗಂಡನ ಸಂಭ್ರಮಗಳನ್ನು ಸಾವಧಾನವಾಗಿ ನೋಡುವುದು ಕಷ್ಟವೇನೂ ಆಗಿರಲಿಲ್ಲ.

ಬಳೆ ಅಂದರೆ ನಿಜಕ್ಕೂ ಬಳೆಯೇ. ಬೂದು ಬಣ್ಣದ, ಒಂದು ಬೆರಳಗಲದ ತೆಳು ಪಟ್ಟಿ; ಹೆಸರು ಎಚ್ಚರಬಳೆ. ಎರಡು ಸಾವಿರದ ಅರವತ್ತೊಂದನೆಯ ಇಸವಿ ಬಂದಿದ್ದರೂ ಕೈಲಾಗದ ಗಂಡಸಿಗೆ ಬಳೆ ತೊಟ್ಕೋ ಹೋಗು ಅನ್ನುವ ಮಾತು ಪೂರ್ತಿ ಸತ್ತಿರಲಿಲ್ಲ. ಪಕ್ಕದ ಸೈಕಲ್ ಅಂಗಡಿಯವನು ಅದನ್ನೇ ಹಿಡಿದು ಲೋಹಿತನನ್ನು ಒಂದು ವಾರ ಗೋಳುಹೊಯ್ದುಕೊಂಡ. ಅದನ್ನು ಕೇಳಿಸಿಕೊಂಡ ರಂಜಿತಾ, ಬಳೆ ತೊಟ್ಟ ಕೈಯಲ್ಲೇ ತಾನು ವರ್ಷಕ್ಕೆ ನೂರು ಕರು ಎಳೆದು ಹೊರಗೆ ಹಾಕುತ್ತೇನೆ, ನೀನು ಬಂದು ಒಂದು ಎಳಿ ನೋಡೋಣ ಅಂತ ಅವನಿಗೆ ಹೇಳಿದಳು. ಅಲ್ಲಿಗೆ ಆ ತಮಾಷೆ ನಿಂತಿತು.

ಲೋಹಿತ್, ರಕ್ಷಿತ್, ನಿಶಾಂತ್ ಮೊದಲಾದವು ಆ ಹೊತ್ತಿಗೆ ತಾತಂದಿರ ಹೆಸರುಗಳಾಗಿದ್ದವು. ಲೋಹಿತನಿಗೆ ಐವತ್ತಾರು. ಸ್ಟೇಷನ್ ರಸ್ತೆಯಲ್ಲಿ ಮಿಕ್ಸಿ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ. ಮನುಷ್ಯ ಚಂದ್ರನ ಮೇಲೆ ಮನೆ ಕಟ್ಟಿದರೂ ಚಟ್ನಿಗೆ ಮಿಕ್ಸಿ ಬೇಕು, ಮಿಕ್ಸಿ ಅಂದಮೇಲೆ ಅದು ಕೆಡಲೇಬೇಕು ಅನ್ನುವುದು ಅವನ ಸಿದ್ಧಾಂತ. ಅಂಗಡಿ ಬಿಟ್ಟರೆ ಅವನ ಪ್ರಾಣವೆಲ್ಲ ಆನ್‌ಲೈನ್ ಚದುರಂಗದಲ್ಲಿತ್ತು. ಅಲ್ಲಿ ಅವನ ಹೆಸರು ‘ಮಿಕ್ಸಿಜಾರ್’.

ಪ್ರೀತಿ ಇದ್ದಮಾತ್ರಕ್ಕೆ ವಿದ್ಯೆ ಒಲಿಯಬೇಕಲ್ಲ. ಆನ್‌ಲೈನ್ ಚದುರಂಗದಲ್ಲಿ ಪ್ರತಿ ಆಟಗಾರನ ಬಲವನ್ನೂ ಒಂದು ಅಂಕದಲ್ಲಿ ಹೇಳುತ್ತಾರೆ. ಗೆದ್ದರೆ ಏರುತ್ತದೆ, ಸೋತರೆ ಇಳಿಯುತ್ತದೆ. ಮಿಕ್ಸಿಜಾರಿನ ಅಂಕ ಒಂಬತ್ತು ವರ್ಷಗಳಿಂದ ಸಾವಿರದ ನೂರ ನಲವತ್ತರ ಆಸುಪಾಸಿನಲ್ಲಿ ಗೂಟ ಹೊಡೆದುಕೊಂಡು ಕೂತಿತ್ತು. ಪುಸ್ತಕ ಓದಿದ, ಪಾಠದ ವಿಡಿಯೊ ನೋಡಿದ, ಸೋತ ಆಟಗಳನ್ನು ಮತ್ತೆ ಆಡಿ ನೋಡಿದ. ಎಲ್ಲವೂ ಅರ್ಥವಾಗುತ್ತಿತ್ತು. ಆಡಲು ಕೂತರೆ ಮಾತ್ರ ಕೈ ತನ್ನ ಪಾಡಿಗೆ ತಾನು ಹೋಗುತ್ತಿತ್ತು.

ಅವನ ಆಟದಲ್ಲಿ ಒಂದು ಚಂದವಿತ್ತು ಅಂತ ಮೊದಲೇ ಹೇಳಿಬಿಡಬೇಕು. ಕುದುರೆಗಳೆಂದರೆ ಅವನಿಗೆ ಮಕ್ಕಳಿದ್ದ ಹಾಗೆ; ಆಟ ಶುರುವಾದ ಐದು ನಿಮಿಷಕ್ಕೆ ಎರಡೂ ಕುದುರೆಗಳು ಎದುರಾಳಿಯ ಅಂಗಳದಲ್ಲಿರುತ್ತಿದ್ದವು. ಚೆಕ್ ಕೊಡುವ ಅವಕಾಶ ಕಂಡರೆ ಬಿಟ್ಟವನೇ ಅಲ್ಲ, ಅದರಿಂದ ಉಪಯೋಗ ಇರಲಿ ಬಿಡಲಿ. ರಾಜನನ್ನು ಮಾತ್ರ ನಡುಬೀದಿಯಲ್ಲಿ ನಿಲ್ಲಿಸಿ, ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಲು ಹೊರಡುತ್ತಿದ್ದ. ಇವೆಲ್ಲಕ್ಕಿಂತ ವಿಚಿತ್ರವಾದದ್ದು ಅವನು ಕಾಲಾಳಿಗೆ ಬಡ್ತಿ ಕೊಡುತ್ತಿದ್ದ ರೀತಿ.

ಕಾಲಾಳು ಒಂದೊಂದೇ ಮನೆ ನಡೆದು ಮಣೆಯ ಕೊನೆಯ ಸಾಲು ಮುಟ್ಟಿದರೆ ಅದಕ್ಕೆ ಬಡ್ತಿ ಸಿಗುತ್ತದೆ. ಈಗಿನ ಆಟದಲ್ಲಿ ಅದನ್ನು ಯಾವ ಕಾಯಿ ಬೇಕಾದರೂ ಮಾಡಿಕೊಳ್ಳಬಹುದು, ಹಾಗಾಗಿ ತಲೆ ನೆಟ್ಟಗಿರುವ ಎಲ್ಲರೂ ಮಂತ್ರಿಯನ್ನೇ ಮಾಡಿಕೊಳ್ಳುತ್ತಾರೆ. ಮಂತ್ರಿಗಿಂತ ಬಲವಾದ ಕಾಯಿ ಇಲ್ಲ. ಲೋಹಿತನಿಗೆ ಆಟ ಕಲಿಸಿದ್ದು ಅವನ ಸೋದರತ್ತೆ ಪುಟ್ಟಗೌರಮ್ಮ. ಆಕೆಯದು ಹಳೆಯ ಕಾಲದ ಮನೆ ಆಟ. ಅದರಲ್ಲಿ ಕಾಲಾಳು ಯಾವ ಮನೆಗೆ ಹೋಗಿ ಸೇರುತ್ತದೋ, ಆಟದ ಶುರುವಿನಲ್ಲಿ ಆ ಮನೆಯಲ್ಲಿ ಕೂತಿದ್ದ ಕಾಯಿಯೇ ಆಗಬೇಕು: ಆನೆ ಮನೆ ಸೇರಿದರೆ ಆನೆ, ಒಂಟೆ ಮನೆ ಸೇರಿದರೆ ಒಂಟೆ. ಸೇರಿದ ಮನೆಗೆ ತಕ್ಕ ಹಾಗೆ ಇರೋದು ಕಲೀಬೇಕು ಕಣೋ ಅನ್ನುತ್ತಿದ್ದಳಂತೆ ಅತ್ತೆ. ಎಂಟನೆಯ ವಯಸ್ಸಿನಲ್ಲಿ ಕಲಿತದ್ದು ಐವತ್ತಾರರಲ್ಲೂ ಅವನ ಬೆರಳಲ್ಲಿ ಉಳಿದಿತ್ತು. ಈಗಿನ ನಿಯಮ ಅವನಿಗೆ ಚೆನ್ನಾಗಿ ಗೊತ್ತು. ಆದರೂ ಕುದುರೆ ಮನೆಯಲ್ಲಿ ಕಾಲಾಳು ಕಾಲಿಟ್ಟು, ಯಾವ ಕಾಯಿ ಬೇಕು ಅಂತ ಪರದೆಯ ಮೇಲೆ ನಾಲ್ಕು ಚಿತ್ರ ಮೂಡಿದ ಕೂಡಲೇ ಬೆರಳು ಕುದುರೆಯನ್ನು ಒತ್ತಿ ಮುಗಿಸುತ್ತಿತ್ತು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುವುದು ಅವನ ಮಟ್ಟಿಗೆ ಬರೀ ಗಾದೆಯಾಗಿರಲಿಲ್ಲ, ಅಂಕಪಟ್ಟಿಯಾಗಿತ್ತು.

ಇಂಥವರನ್ನೇ ಹುಡುಕಿಕೊಂಡು ಬಂದವಳು ಡಾ. ಇಂಚರ. ಹಾಸನದ ಒಂದು ಸಂಶೋಧನಾಲಯದಲ್ಲಿ ನರವಿಜ್ಞಾನಿ, ಮೂವತ್ತೈದರ ಹರೆಯ. ಲಕ್ವ ಹೊಡೆದು ಕೈ ಸ್ವಾಧೀನ ತಪ್ಪಿದವರಿಗೆ ಮತ್ತೆ ತುತ್ತೆತ್ತಲು ಕಲಿಸುವ ಕೆಲಸದಲ್ಲಿದ್ದಾಗ ಅವಳಿಗೆ ಒಂದು ಸಂಗತಿ ಕಂಡಿತು. ನಾವು ಕೈ ಆಡಿಸುವ ಅರೆಕ್ಷಣ ಮೊದಲೇ ಮಿದುಳಿನ ಅಪ್ಪಣೆ ಸಣ್ಣ ವಿದ್ಯುತ್ ಅಲೆಯಾಗಿ ಮಣಿಕಟ್ಟನ್ನು ದಾಟುತ್ತದೆ. ತುತ್ತೆತ್ತಲು ಹೊಸದಾಗಿ ಕಲಿಯುವವರಲ್ಲಿ ಆ ಅಲೆ ತಡವರಿಸುತ್ತಿತ್ತು: ಹೊರಟು, ನಿಂತು, ಮತ್ತೆ ಹೊರಡುತ್ತಿತ್ತು. ಕಲಿತು ರೂಢಿಯಾದ ಮೇಲೆ ಅದೇ ಅಲೆ ಒಂದೇ ಉಸಿರಿಗೆ ನುಣುಪಾಗಿ ಬರುತ್ತಿತ್ತು. ಅಂದರೆ ಒಂದು ಕೆಲಸವನ್ನು ನಾವು ಯೋಚಿಸಿ ಮಾಡುತ್ತಿದ್ದೇವೋ, ಕೈ ತನ್ನ ರೂಢಿಯಿಂದ ಮಾಡುತ್ತಿದೆಯೋ ಅನ್ನುವುದನ್ನು ಕೆಲಸ ನಡೆಯುವ ಮುನ್ನವೇ ತಿಳಿಯಬಹುದು. ಇಂಚರ ಆ ಅಲೆಯನ್ನು ಓದುವ ಬಳೆ ಮಾಡಿದಳು. ಅಲೆ ನುಣುಪಾಗಿದ್ದರೆ ಬಳೆ ಚರ್ಮಕ್ಕೆ ಕಚಗುಳಿ ಇಡುತ್ತದೆ, ಅಷ್ಟೇ. ಸರಿ ಯಾವುದು, ತಪ್ಪು ಯಾವುದು ಅನ್ನುವುದು ಅದಕ್ಕೆ ಗೊತ್ತಿಲ್ಲ. ಚದುರಂಗವಂತೂ ಗೊತ್ತೇ ಇಲ್ಲ. ‘ಇದನ್ನು ನೀನೇ ಮಾಡುತ್ತಿದ್ದೀಯಾ?’ ಅಂತ ಒಂದು ಮಾತು ಕೇಳುವುದಷ್ಟೇ ಅದರ ಕೆಲಸ.

ಬಳೆಯಿಂದ ಮನುಷ್ಯ ತಿದ್ದಿಕೊಳ್ಳುತ್ತಾನೆಯೇ ಅನ್ನುವುದನ್ನು ಅಳೆಯಲು ಚದುರಂಗಕ್ಕಿಂತ ಒಳ್ಳೆಯ ಜಾಗ ಸಿಗಲಿಲ್ಲ. ಅಲ್ಲಿ ಪ್ರತಿಯೊಂದು ನಡೆಯೂ ಸಮಯದ ಸಮೇತ ದಾಖಲಾಗುತ್ತದೆ, ಏರಿಳಿತವನ್ನು ಅಂಕವೇ ಹೇಳುತ್ತದೆ. ವರ್ಷಗಟ್ಟಲೆ ಒಂದೇ ಅಂಕದಲ್ಲಿ ನಿಂತ ಹವ್ಯಾಸಿಗಳು ಬೇಕಾಗಿದ್ದಾರೆ ಅಂತ ಪ್ರಕಟಣೆ ಬಂದಾಗ ರಂಜಿತಾ ಅದನ್ನು ಗಂಡನಿಗೆ ಓದಿ ಹೇಳಿ, ಇದು ನಿಮ್ಮನ್ನೇ ನೋಡಿ ಬರೆದದ್ದು ಅಂದಳು.

ಮೊದಮೊದಲು ಬಳೆ ದಿನವಿಡೀ ಕಚ್ಚುತ್ತಿತ್ತು. ಅಂಗಡಿಯಲ್ಲಂತೂ ತೊಡಲು ಸಾಧ್ಯವೇ ಆಗಲಿಲ್ಲ. ಮಿಕ್ಸಿಯನ್ನು ಒಮ್ಮೆ ಆನ್ ಮಾಡಿ ಶಬ್ದ ಕೇಳಿದರೆ ಸಾಕು, ಬುಷ್ ಸವೆದಿದೆಯೋ ಕಾರ್ಬನ್ ಹೋಗಿದೆಯೋ ಅಂತ ಅವನ ಕೈಗೆ ತಿಳಿದು, ಸರಿಯಾದ ಸ್ಕ್ರೂಡ್ರೈವರನ್ನು ಎತ್ತಿಕೊಂಡಿರುತ್ತಿತ್ತು. ಬಳೆ ಕಚ್ಚಿ ಕಚ್ಚಿ ಹತ್ತು ನಿಮಿಷದ ಕೆಲಸ ಒಂದು ಗಂಟೆಯಾಯಿತು. ರೂಢಿಯೇ ತನ್ನ ಅನ್ನ ಅಂತ ಅರ್ಥವಾಗಿ ಅವನು ಅಂಗಡಿಯ ಹೊತ್ತಿನಲ್ಲಿ ಅದನ್ನು ಬಿಚ್ಚಿಡತೊಡಗಿದ.

ಊಟದ ಹೊತ್ತಿನಲ್ಲೂ ಒಮ್ಮೆ ಕಚ್ಚಿತು. ತಟ್ಟೆಯಲ್ಲಿದ್ದ ನುಗ್ಗೆಕಾಯಿ ಹೋಳುಗಳನ್ನು ಅವನು ಎಂದಿನಂತೆ ರಂಜಿತಾಳ ತಟ್ಟೆಗೆ ದಾಟಿಸುತ್ತಿದ್ದ. ಕೈ ತಡೆದು, ನಿನಗೆ ನುಗ್ಗೆಕಾಯಿ ಇಷ್ಟವೇ ಅಂತ ಮದುವೆಯಾದ ಇಪ್ಪತ್ತೊಂಬತ್ತನೆಯ ವರ್ಷದಲ್ಲಿ ಮೊದಲ ಬಾರಿ ಕೇಳಿದ.

“ಅಷ್ಟೇನೂ ಇಲ್ಲ” ಅಂದಳು ರಂಜಿತಾ.

“ಮತ್ತೆ ಇಷ್ಟು ವರ್ಷ ತಿಂದ್ಯಲ್ಲ.”

“ನೀವು ಹಾಕ್ತಿದ್ರಿ, ತಿಂತಿದ್ದೆ. ಈಗ ನಿಲ್ಲಿಸಿಬಿಟ್ರೆ ಅದೂ ಒಂಥರಾ ಬೇಜಾರೇ.”

ಅವನು ನಕ್ಕು ಹೋಳುಗಳನ್ನು ಅವಳ ತಟ್ಟೆಗೇ ಹಾಕಿದ. ಆ ಮಾತಿನ ಬಗ್ಗೆ ಆಗ ಹೆಚ್ಚು ಯೋಚಿಸಲಿಲ್ಲ.

ಆಟದಲ್ಲಿ ಮಾತ್ರ ಬಳೆ ಪವಾಡವನ್ನೇ ಮಾಡಿತು. ಸುಮ್ಮಸುಮ್ಮನೆ ಚೆಕ್ ಕೊಡುವುದು ಮೊದಲ ತಿಂಗಳಲ್ಲೇ ನಿಂತಿತು. ರಾಜನಿಗೆ ಹೊತ್ತಿಗೆ ಸರಿಯಾಗಿ ಕೋಟೆ ಕಟ್ಟುವುದು ಬಂತು. ನಾಲ್ಕು ತಿಂಗಳಲ್ಲಿ ಅಂಕ ಸಾವಿರದ ನಾನೂರ ಎಂಬತ್ತಕ್ಕೆ ಏರಿತು. ಇಂಚರ ತಿಂಗಳಿಗೊಮ್ಮೆ ಅಂಗಡಿಗೆ ಬಂದು ಬಳೆಯ ದಾಖಲೆ ತೆಗೆದುಕೊಂಡು ಹೋಗುವಾಗ ಅವಳ ಮುಖದಲ್ಲಿ ಸಂತೋಷ ಎದ್ದು ಕಾಣುತ್ತಿತ್ತು. ಬಳೆ ತೊಟ್ಟ ನಲವತ್ತು ಜನರಲ್ಲಿ ಇಷ್ಟು ಏರಿದವನು ಅವನೊಬ್ಬನೇ. ತನ್ನ ವರದಿಯ ಮೊದಲ ಪುಟದಲ್ಲಿ ಅವನ ಏರಿಕೆಯ ರೇಖೆಯನ್ನೇ ಹಾಕಿದ್ದೇನೆ ಅಂದಳು.

ಇಷ್ಟೆಲ್ಲದರ ನಡುವೆ ಒಂದು ಭಾನುವಾರ ಬಂತು.

ಪ್ರತಿ ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ಲೋಹಿತನಿಗೆ ಒಂದು ಆಟ ನಿಗದಿಯಾಗಿತ್ತು. ಹನ್ನೊಂದು ವರ್ಷಗಳಿಂದ ಎದುರಾಳಿ ಒಬ್ಬರೇ, ಹೆಸರು ‘ತೊಗರಿಕಾಳು’. ಗಂಡೋ ಹೆಣ್ಣೋ, ಮುದುಕರೋ ಹರೆಯದವರೋ ಗೊತ್ತಿಲ್ಲ. ಹೆಸರು ನೋಡಿ ಕಲಬುರಗಿ ಕಡೆಯವರಿರಬೇಕು ಅಂತ ಅವನ ಊಹೆ. ಮಿಕ್ಸಿಜಾರು, ತೊಗರಿಕಾಳು ಇಬ್ಬರೂ ಸೇರಿದರೆ ಚಟ್ನಿಪುಡಿಗೆ ಇನ್ನೇನು ಬೇಕು ಅಂತ ರಂಜಿತಾ ಆಡಿಕೊಳ್ಳುತ್ತಿದ್ದಳು. ಜನ ಬರೀ ಬೈದಾಡಿಕೊಳ್ಳುತ್ತಾರೆಂದು ಆ ಚದುರಂಗದ ಜಾಲತಾಣದವರು ಆಟಗಾರರ ನಡುವಿನ ಮಾತುಕತೆಯನ್ನು ಎಷ್ಟೋ ವರ್ಷಗಳ ಹಿಂದೆಯೇ ಮುಚ್ಚಿಬಿಟ್ಟಿದ್ದರು. ಆಟಕ್ಕೆ ಕರೆಯಬಹುದು, ಮುಗಿದ ಮೇಲೆ ಕೈಮುಗಿದ ಚಿತ್ರವೊಂದನ್ನು ಕಳಿಸಬಹುದು. ಅಷ್ಟರಲ್ಲೇ ಇವರಿಬ್ಬರೂ ಹನ್ನೊಂದು ವರ್ಷ ಕಳೆದಿದ್ದರು.

ತೊಗರಿಕಾಳು ಲೋಹಿತನಿಗಿಂತ ಒಂದು ಕೈ ಮೇಲು. ಹತ್ತರಲ್ಲಿ ಆರು ಆಟ ಅವರದೇ. ಆದರೆ ಲೋಹಿತನಿಗೆ ಅವರು ಆತ್ಮೀಯರಾಗಿದ್ದಕ್ಕೆ ಕಾರಣ ಬೇರೆ. ತೊಗರಿಕಾಳಿನ ಕಾಲಾಳುಗಳೂ ಸೇರಿದ ಮನೆಯ ಕಾಯಿಯೇ ಆಗುತ್ತಿದ್ದವು. ಬೇರೆ ಎದುರಾಳಿಗಳೆಲ್ಲ ಅವನ ಕುದುರೆಯನ್ನು ನೋಡಿ ನಕ್ಕಿರಬೇಕು. ಈ ಒಬ್ಬರಿಗೆ ಮಾತ್ರ ಅದು ಸಹಜವಾಗಿತ್ತು. ಎಲ್ಲೋ ಇನ್ನೊಬ್ಬ ಪುಟ್ಟಗೌರಮ್ಮ ಇನ್ನೊಂದು ಮಗುವಿಗೆ ಅದೇ ಆಟ ಕಲಿಸಿದ್ದಾಳೆ ಅಂತ ಅವನು ನಂಬಿದ್ದ. ಅವರೊಡನೆ ಆಡುವಾಗ ತವರಿನಲ್ಲಿ ಕೂತ ಹಾಗಾಗುತ್ತಿತ್ತು ಅವನಿಗೆ.

ಆ ಭಾನುವಾರ, ಬಳೆ ತೊಟ್ಟ ಮೇಲೆ ಅವರೆದುರು ಮೊದಲ ಸಲ, ಅವನ ಕಾಲಾಳು ಕುದುರೆ ಮನೆ ಮುಟ್ಟಿತು. ನಾಲ್ಕು ಚಿತ್ರ ಮೂಡಿದವು. ಬೆರಳು ಕುದುರೆಯತ್ತ ಹೊರಟಿತು, ಬಳೆ ಕಚ್ಚಿತು. ಅವನು ಕೈ ತಡೆದು ಮಣೆಯನ್ನು ನೋಡಿದ. ಮಂತ್ರಿಯನ್ನು ತೆಗೆದುಕೊಂಡರೆ ಮೂರೇ ನಡೆಯಲ್ಲಿ ಆಟ ಮುಗಿಯುತ್ತದೆ ಅನ್ನುವುದು ಸ್ಪಷ್ಟವಾಗಿತ್ತು. ಮಂತ್ರಿಯನ್ನು ಒತ್ತಿದ. ಆ ಕಡೆಯಿಂದ ತುಂಬ ಹೊತ್ತು ಏನೂ ನಡೆಯಲಿಲ್ಲ. ಆಮೇಲೆ ತೊಗರಿಕಾಳು ಸೋಲೊಪ್ಪಿಕೊಂಡರು. ಕೈಮುಗಿದ ಚಿತ್ರ ಬಂತು. ಅಂಕ ಸಾವಿರದ ನಾನೂರ ತೊಂಬತ್ತಾಯಿತು. ಲೋಹಿತ್ ಆ ದಿನವೆಲ್ಲ ಹಾಡು ಗುನುಗುತ್ತಿದ್ದ.

ಮುಂದಿನ ಭಾನುವಾರ ಒಂಬತ್ತಕ್ಕೆ ಕರೆ ಬರಲಿಲ್ಲ. ಅವನೇ ಕರೆದ, ಉತ್ತರವಿಲ್ಲ. ಅದರ ಮುಂದಿನ ಭಾನುವಾರವೂ ಅಷ್ಟೇ. ಹುಷಾರಿಲ್ಲವೇನೋ ಅಂತ ಮೊದಲು ಗಾಬರಿಯಾದ. ತಾಣದಲ್ಲಿ ಯಾರು ಯಾವಾಗ ಆಡಿದರೆಂದು ನೋಡಲು ಬರುತ್ತದೆ. ನೋಡಿದರೆ ತೊಗರಿಕಾಳು ಹಿಂದಿನ ದಿನವೂ ಆಡಿದ್ದರು, ಯಾರ ಯಾರ ಜೊತೆಗೋ. ಹುಷಾರಾಗಿಯೇ ಇದ್ದಾರೆ, ತನ್ನ ಜೊತೆ ಮಾತ್ರ ಆಡುತ್ತಿಲ್ಲ. ಅದು ತಿಳಿದಾಗ ಲೋಹಿತನಿಗೆ ಆದ ನೋವನ್ನು ಅವನು ಯಾರಿಗೂ ಹೇಳಿಕೊಳ್ಳಲಿಲ್ಲ. ಮುಖ ಕಾಣದವರ ಬಗ್ಗೆ ಐವತ್ತಾರರ ಗಂಡಸು ಕಣ್ಣು ತುಂಬಿಕೊಂಡರೆ ಜನ ಏನಂದುಕೊಂಡಾರು? ರಂಜಿತಾಳಿಗೆ ಹೇಳದೆಯೇ ತಿಳಿಯಿತು. ಆ ತಿಂಗಳು ಇಂಚರ ಬಂದಾಗ ರಂಜಿತಾಳೇ ವಿಷಯ ತೆಗೆದಳು.

ಇಂಚರ ವಿಜ್ಞಾನಿ. ಬೇಜಾರಿನ ವಿಷಯ ಬಂದರೆ ಅವಳ ಕೈ ಅಂಕಿಅಂಶಕ್ಕೆ ಹೋಗುತ್ತದೆ. ಆ ತಾಣದ ಆಟಗಳೆಲ್ಲ ಯಾರು ಬೇಕಾದರೂ ನೋಡುವಂತೆ ಇರುತ್ತವೆ. ಇಬ್ಬರೂ ಆಡಿದ ಐನೂರ ನಲವತ್ತೊಂದು ಆಟಗಳನ್ನೂ, ತೊಗರಿಕಾಳು ಬೇರೆಯವರೊಡನೆ ಆಡಿದ ಎರಡು ಸಾವಿರಕ್ಕೂ ಹೆಚ್ಚು ಆಟಗಳನ್ನೂ ಜಾಲಾಡಿದಳು. ನಾಲ್ಕು ದಿನ ಬಿಟ್ಟು, ಬರಬೇಕಾದ ದಿನವಲ್ಲದಿದ್ದರೂ ಅಂಗಡಿಗೆ ಬಂದಳು. ಲೋಹಿತ್ ಒಂದು ಜಾರಿನ ಬ್ಲೇಡು ಬಿಚ್ಚುತ್ತಿದ್ದ.

“ಲೋಹಿತ್ ಸರ್, ನಿಮ್ಮ ತೊಗರಿಕಾಳು ಮನೆ ಆಟ ಆಡೋರಲ್ಲ” ಅಂದಳು.

ಅವನಿಗೆ ಅರ್ಥವಾಗಲಿಲ್ಲ.

“ಬೇರೆಯವರ ಜೊತೆ ಆಡುವಾಗ ಅವರ ಕಾಲಾಳು ಎಲ್ಲಿಗೇ ಹೋಗಿ ಸೇರಲಿ, ಪ್ರತಿ ಸಲವೂ ಮಂತ್ರಿಯನ್ನೇ ತಗೊಂಡಿದ್ದಾರೆ. ಒಂದು ಸಲವೂ ತಪ್ಪಿಲ್ಲ. ನಿಮ್ಮ ಜೊತೆ ಆಡುವಾಗ ಮಾತ್ರ ಸೇರಿದ ಮನೆಯ ಕಾಯಿ. ಎಂಬತ್ತಮೂರು ಸಲ ಹಾಗೆ ಮಾಡಿದ್ದಾರೆ.”

ಲೋಹಿತ್ ಕೈಯಲ್ಲಿದ್ದ ಬ್ಲೇಡನ್ನು ಕೆಳಗಿಟ್ಟ. ಇಂಚರ ಮೊದಲ ಆಟದಿಂದ ವಿವರಿಸಿದಳು. ಹನ್ನೊಂದು ವರ್ಷಗಳ ಹಿಂದೆ ಮೊದಲ ಆಟದಲ್ಲಿ ಲೋಹಿತನ ಕಾಲಾಳು ಕುದುರೆ ಮನೆ ಸೇರಿ ಕುದುರೆಯಾಗಿತ್ತು. ಎರಡನೆಯ ಆಟದಲ್ಲಿ ತೊಗರಿಕಾಳಿನ ಕಾಲಾಳು ಒಂಟೆ ಮನೆ ಸೇರಿತು. ಅವರು ಇಪ್ಪತ್ತು ಸೆಕೆಂಡು ಸುಮ್ಮನಿದ್ದು ಒಂಟೆಯನ್ನು ತೆಗೆದುಕೊಂಡರು. ಇವನಿಗೆ ಗೊತ್ತಿರುವುದು ಹಳೆಯ ಆಟ, ಇವನೆದುರು ತಾನು ಮಂತ್ರಿ ಮಾಡಿಕೊಂಡರೆ ನ್ಯಾಯವಲ್ಲ ಅನ್ನಿಸಿರಬೇಕು. ಅಲ್ಲಿಂದ ಇಲ್ಲಿಯವರೆಗೆ ಪ್ರತಿ ಸಲವೂ ಹತ್ತು ಸೆಕೆಂಡಿಗೆ ಕಡಿಮೆಯಿಲ್ಲದಂತೆ ನಿಂತು, ಯೋಚಿಸಿ, ಚಿಕ್ಕ ಕಾಯಿಯನ್ನೇ ತೆಗೆದುಕೊಂಡಿದ್ದಾರೆ. ಹಾಗೆ ಮಾಡಿ, ಗೆಲ್ಲಬಹುದಾಗಿದ್ದ ಮೂವತ್ತಾರು ಆಟಗಳನ್ನು ಬಿಟ್ಟುಕೊಟ್ಟಿದ್ದಾರೆ.

“ನಿಮ್ಮದು ಅಭ್ಯಾಸ ಆಗಿತ್ತು ಸರ್. ಅವರದ್ದು ಅಭ್ಯಾಸ ಅಲ್ಲ.”

ಲೋಹಿತನಿಗೆ ಈಗ ಅರ್ಥವಾಯಿತು. ಹನ್ನೊಂದು ವರ್ಷ ಒಬ್ಬರು ತನಗಾಗಿ ಒಂದು ಮರ್ಯಾದೆಯನ್ನು ಕಾಪಾಡಿಕೊಂಡು ಬಂದಿದ್ದಾರೆ, ತನಗೆ ಅದರ ಸುಳಿವೂ ಇರಲಿಲ್ಲ. ಅದನ್ನು ತಾನು ಒಂದು ಬೆರಳಿನಲ್ಲಿ ಮುರಿದು, ದಿನವೆಲ್ಲ ಹಾಡು ಬೇರೆ ಗುನುಗಿದ್ದ. ಆ ಮಂತ್ರಿಯನ್ನು ಕಂಡು ಅವರು ಏನಂದುಕೊಂಡಿರಬಹುದು? ಮಿಕ್ಸಿಜಾರ್ ಈಗ ಬೇರೆ ಯಾರೋ ಅಂತಲೇ? ಅಥವಾ ಇಷ್ಟು ವರ್ಷ ಅವನಿಗೆ ಎಲ್ಲ ಗೊತ್ತಿದ್ದೂ ಸುಮ್ಮನೆ ಆಡಿಸಿದ ಅಂತಲೇ?

ಮಾತಾಡುವ ದಾರಿ ಇಲ್ಲ. ಕರೆದರೆ ಉತ್ತರಿಸುವುದಿಲ್ಲ. ಉಳಿದದ್ದು ಒಂದೇ: ತಾನು ಬೇರೆಯವರೊಡನೆ ಆಡುವ ಆಟಗಳನ್ನು ತೊಗರಿಕಾಳು ಎಂದಾದರೂ ನೋಡಿಯಾರು ಅಂತ ನಂಬಿ, ಅವರಿಗೆ ಗುರುತು ಸಿಗುವಂತೆ ಆಡುವುದು. ಅದೇ ದಿನ ಸಂಜೆಯಿಂದ ಶುರು ಮಾಡಿದ. ಆದರೆ ಇಲ್ಲೊಂದು ತಮಾಷೆಯಾಯಿತು. ಕಾಲಾಳು ಕುದುರೆ ಮನೆ ಮುಟ್ಟಿದಾಗ ಬೆರಳು ತಾನೇ ತಾನಾಗಿ ಮಂತ್ರಿಯ ಕಡೆ ಹೊರಟಿತು, ಬಳೆ ಕಚ್ಚಿತು. ಆ ಭಾನುವಾರದ ಈಚೆಗೆ ಹಳೆಯ ರೂಢಿ ಪೂರ್ತಿ ಹೋಗಿ ಆ ಜಾಗದಲ್ಲಿ ಹೊಸ ರೂಢಿ ಬಂದು ಕೂತಿತ್ತು. ಅವನು ತಡೆದು, ಮಣೆ ನೋಡಿ, ಕುದುರೆಯಿಂದ ಈ ಆಟ ಸೋಲುತ್ತೇನೆ ಅಂತ ಲೆಕ್ಕ ಹಾಕಿ ತಿಳಿದುಕೊಂಡು, ಕುದುರೆಯನ್ನೇ ಒತ್ತಿದ. ಬಳೆ ಸುಮ್ಮನಿತ್ತು. ಆಟ ಸೋತ.

ಹೀಗೆ ಒಂದು ತಿಂಗಳು ನಡೆಯಿತು. ಅಂಗಡಿ ಮುಚ್ಚಿ ಬಂದವನು ದಿನಕ್ಕೆ ಮೂರೋ ನಾಲ್ಕೋ ಆಟ ಆಡುತ್ತಿದ್ದ. ಅಂಕ ಸಾವಿರದ ಮುನ್ನೂರಕ್ಕೆ ಇಳಿಯಿತು. ಇಂಚರಳ ವರದಿಯ ಮೊದಲ ಪುಟದ ರೇಖೆ ಗುಡ್ಡ ಹತ್ತಿ ಆಚೆ ಕಡೆ ಜಾರಿತು. ಅವಳ ಕೆಲಸ ಮುಂದುವರಿಯಬೇಕೋ ಬೇಡವೋ ಅಂತ ತೀರ್ಮಾನಿಸುವ ಸಮಿತಿ ಇಪ್ಪತ್ತು ದಿನದಲ್ಲಿ ಬರುವುದಿತ್ತು. ಅವಳು ಮತ್ತೆ ಅರಸೀಕೆರೆಗೆ ಬಂದಳು. ಕೇಳಬೇಕಾದ್ದನ್ನು ಕೇಳಲು ಅವಳಿಗೆ ಸಂಕೋಚ. ರಂಜಿತಾ ಕೊಟ್ಟ ಕಾಫಿ ಮುಗಿಯುವ ತನಕ ಹವೆ, ರಸ್ತೆ, ರೈಲು ಅಂತ ಏನೇನೋ ಮಾತಾಡಿದಳು. ಕೊನೆಗೆ, ಸಮಿತಿ ಬಂದು ಹೋಗುವವರೆಗೆ ಮೊದಲಿನ ಹಾಗೆ ಆಡಲು ಆಗುತ್ತದೆಯೇ ಅಂತ ಕೇಳಿದಳು.

ಲೋಹಿತನಿಗೂ ಕಷ್ಟವಾಯಿತು. ಈ ಹುಡುಗಿಯ ಏಳು ವರ್ಷದ ದುಡಿಮೆ ಅವನಿಗೆ ಗೊತ್ತಿತ್ತು. ಅವಳಿಂದಲೇ ಅಲ್ಲವೇ ತಾನು ಗೆಲುವು ಅಂದರೇನು ಅಂತ ಕಂಡದ್ದು? ಆದರೂ ತಲೆಯಾಡಿಸಿದ.

“ಡಾಕ್ಟರಮ್ಮ, ಇಪ್ಪತ್ತು ದಿನದಲ್ಲಿ ಅವರೊಂದು ಸಲ ನನ್ನ ಆಟ ನೋಡಿ, ಅವತ್ತೇ ನಾನು ಮಂತ್ರಿ ತಗೊಂಡಿದ್ರೆ? ನಿಮ್ಮ ಬಳೆ ಕೇಳೋದು ಒಂದೇ ಪ್ರಶ್ನೆ ಅಂದ್ರಲ್ಲ, ಇದನ್ನ ನೀನೇ ಮಾಡ್ತಿದ್ದೀಯಾ ಅಂತ. ಈಗ ನಾನೇ ಮಾಡ್ತಿದ್ದೀನಿ. ದಾಖಲೆ ತೆಗೆದು ನೋಡಿ.”

ಅವಳು ಅಲ್ಲೇ ಕೂತು ನೋಡಿದಳು. ಆ ತಿಂಗಳು ಅವನು ಕುದುರೆ, ಒಂಟೆ, ಆನೆಗಳನ್ನು ತೆಗೆದುಕೊಂಡ ಇಪ್ಪತ್ತೇಳು ಸಲವೂ ಅಲೆ ಹೊರಟು, ನಿಂತು, ಮತ್ತೆ ಹೊರಟಿತ್ತು. ಅಷ್ಟು ತಡವರಿಸಿದ ಅಲೆಗಳನ್ನು ಅವಳು ಮೊದಲ ತುತ್ತು ಎತ್ತುವವರ ಕೈಯಲ್ಲಿ ಮಾತ್ರ ಕಂಡಿದ್ದಳು. ಅಂಕದ ಪ್ರಕಾರ ಆ ಇಪ್ಪತ್ತೇಳೂ ತಪ್ಪು ನಡೆಗಳು. ಬಳೆಯ ಪ್ರಕಾರ ಆ ಮನುಷ್ಯ ಅದನ್ನು ತೊಟ್ಟಂದಿನಿಂದ ಅಷ್ಟು ಎಚ್ಚರದಿಂದ ಮಾಡಿದ ಕೆಲಸ ಬೇರೊಂದಿಲ್ಲ. ಇಂಚರ ಸಾಧನವನ್ನು ಚೀಲಕ್ಕೆ ಹಾಕಿಕೊಂಡು, ಬಳೆ ನಿಮ್ಮ ಪರವಾಗಿದೆ ಸರ್, ನೀವು ಹೀಗೇ ಆಡಿ ಅಂದಳು. ಸಮಿತಿಯ ಪಾಡು ತನ್ನದು ಅಂದಳು. ರಂಜಿತಾ ಅವಳನ್ನು ಊಟ ಮಾಡಿಸದೆ ಕಳಿಸಲಿಲ್ಲ.

ತೊಗರಿಕಾಳು ಎಷ್ಟು ಆಟ ನೋಡಿದರೋ, ಯಾವುದನ್ನು ನೋಡಿದರೋ ಯಾರಿಗೂ ಗೊತ್ತಿಲ್ಲ. ಆಟ ನಿಂತ ಒಂಬತ್ತನೆಯ ಭಾನುವಾರ, ಒಂಬತ್ತಕ್ಕೆ ಎರಡು ನಿಮಿಷವಿದ್ದಾಗ ಕರೆ ಬಂತು. ಲೋಹಿತ್ ದೋಸೆಯನ್ನು ಅರ್ಧಕ್ಕೇ ಬಿಟ್ಟು ಎದ್ದ. ಕೈತೊಳೆದದ್ದು ಕೂಡ ಅವನಿಗೆ ನೆನಪಿಲ್ಲ. ರಂಜಿತಾ ತನ್ನ ತಟ್ಟೆ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕೂತಳು. ಅವಳು ಅವನ ಆಟ ನೋಡಲು ಕೂತದ್ದು ಅದೇ ಮೊದಲು.

ಇಬ್ಬರೂ ಜೋಪಾನವಾಗಿ ಆಡಿದರು. ಒಂದು ಗಂಟೆಯ ಮೇಲೆ ಮಣೆ ಬರಿದಾಗುತ್ತ ಬಂತು. ಇಬ್ಬರಿಗೂ ಒಬ್ಬೊಬ್ಬ ರಾಜ, ಒಂದೊಂದು ಕಾಲಾಳು ಉಳಿದವು. ಲೋಹಿತನ ಕಾಲಾಳು ಒಂದು ಹೆಜ್ಜೆ ಮುಂದಿತ್ತು. ಅದು ಕುದುರೆ ಮನೆಯನ್ನು ಮುಟ್ಟಿತು, ನಾಲ್ಕು ಚಿತ್ರ ಮೂಡಿದವು. ಮಂತ್ರಿಯನ್ನು ತೆಗೆದುಕೊಂಡರೆ ಗೆಲುವು ಕೈಯಲ್ಲೇ ಇತ್ತು. ಕುದುರೆಯನ್ನು ತೆಗೆದುಕೊಂಡರೆ ಮರುನಡೆಯಲ್ಲಿ ತೊಗರಿಕಾಳಿನ ಕಾಲಾಳು ಒಂಟೆ ಮನೆ ಸೇರಿ ಮಂತ್ರಿಯಾಗಬಹುದು. ಆಗ ಇವನು ಸೋತಂತೆ. ಇಷ್ಟನ್ನೂ ಅವನು ಕಂಡ. ಬಳೆ ತೊಡುವ ಮುಂಚೆಯಾಗಿದ್ದರೆ ಇದರಲ್ಲಿ ಅರ್ಧವೂ ಅವನ ಕಣ್ಣಿಗೆ ಬೀಳುತ್ತಿರಲಿಲ್ಲ. ಕುದುರೆಯನ್ನು ಒತ್ತಿದ.

ಆ ಕಡೆ ಕಾಲಾಳು ಒಂಟೆ ಮನೆಗೆ ಬಂದು ನಿಂತಿತು. ಯಾವ ಕಾಯಿ ಅನ್ನುವುದು ಇನ್ನೂ ತೋರಲಿಲ್ಲ. ಹತ್ತು ಸೆಕೆಂಡಾಯಿತು, ಇಪ್ಪತ್ತಾಯಿತು. ಏನಂತೆ ಅಂತ ರಂಜಿತಾ ಮೆಲ್ಲಗೆ ಕೇಳಿದಳು. ಒಂದು ನಿಮಿಷವಾಗುತ್ತ ಬಂದಾಗ ಪರದೆಯ ಮೇಲೆ ಒಂಟೆ ಬಂದು ಕೂತಿತು.

ಬರೀ ಕುದುರೆಯಿಂದ ರಾಜನನ್ನು ಕಟ್ಟಿಹಾಕಲು ಆಗುವುದಿಲ್ಲ, ಬರೀ ಒಂಟೆಯಿಂದಲೂ ಆಗುವುದಿಲ್ಲ. ಆಟ ಸಮವೆಂದು ತಾಣವೇ ಘೋಷಿಸಿತು. ಕೈಮುಗಿದ ಚಿತ್ರ ಬಂತು. ಲೋಹಿತ್ ತಾನೂ ಕಳಿಸಿದ. ಆಮೇಲೆ ಕಣ್ಣೊರೆಸಿಕೊಂಡು, ಯಾರೂ ಗೆಲ್ಲಲಿಲ್ಲ ಕಣೇ ಅಂದ. ಗೊತ್ತಾಯ್ತು ಬಿಡಿ, ದೋಸೆ ಆರಿಹೋಗಿದೆ, ಇನ್ನೊಂದು ಹುಯ್ದು ಕೊಡ್ತೀನಿ ಅಂತ ರಂಜಿತಾ ಎದ್ದಳು.

ಇಂಚರ ಸಮಿತಿಯ ಮುಂದೆ ಗುಡ್ಡ ಹತ್ತಿ ಇಳಿದ ರೇಖೆಯನ್ನು ಹಾಗೆಯೇ ಇಟ್ಟು, ಇಳಿದದ್ದು ಯಾಕೆ ಅಂತ ವಿವರಿಸಿದಳು. ಅವರಲ್ಲಿ ಇಬ್ಬರು ನಕ್ಕರು, ಒಬ್ಬರು ಇನ್ನೊಮ್ಮೆ ಹೇಳಿ ಅಂದರು. ಕೆಲಸ ಹೇಗೋ ಮುಂದುವರಿಯಿತು. ಎರಡು ವರ್ಷಗಳ ನಂತರ ಎಚ್ಚರಬಳೆ ಮಾರುಕಟ್ಟೆಗೆ ಬಂತು. ಉಗುರು ಕಚ್ಚುವವರು, ಗಳಿಗೆಗೊಮ್ಮೆ ಫೋನು ತೆರೆಯುವವರು, ಬರೆಯುವಾಗ ಅದೇ ತಪ್ಪು ಮತ್ತೆ ಮತ್ತೆ ಮಾಡುವವರು, ಬಾರಿಸುವಾಗ ತಾಳ ತಪ್ಪುವವರು ಎಲ್ಲರೂ ತೊಟ್ಟರು. ತುಂಬ ಜನಕ್ಕೆ ಒಳ್ಳೆಯದಾಯಿತು.

ಬಳೆ ಕೊಳ್ಳುವ ಮುನ್ನ ಒಂದು ಅರ್ಜಿ ತುಂಬಬೇಕು. ಹೆಸರು, ವಯಸ್ಸು, ಕಾಯಿಲೆ ಏನಾದರೂ ಇದೆಯೇ, ಬಿಡಬೇಕೆಂದಿರುವ ಅಭ್ಯಾಸ ಯಾವುದು. ಇವೆಲ್ಲವನ್ನೂ ಜನ ಎರಡು ನಿಮಿಷದಲ್ಲಿ ತುಂಬಿಬಿಡುತ್ತಾರೆ. ಐದನೆಯ ಪ್ರಶ್ನೆಯನ್ನು ತಯಾರಕರು ಬೇಡವೆಂದರೂ ಇಂಚರ ಹಟ ಹಿಡಿದು ಸೇರಿಸಿದಳು: ‘ನಿಮ್ಮ ಈ ಅಭ್ಯಾಸಕ್ಕೆ ಹೊಂದಿಕೊಂಡು, ನಿಮಗೆ ತಿಳಿಯದಂತೆ ಏನನ್ನಾದರೂ ಬಿಟ್ಟುಕೊಡುತ್ತಿರುವವರು ಯಾರಾದರೂ ಇದ್ದಾರೆಯೇ?’

ಅದರ ಮುಂದೆ ಅರ್ಧ ಗಂಟೆ ಕೂರುವವರಿದ್ದಾರೆ. ಕೆಲವರು ಅರ್ಜಿಯನ್ನು ಅಲ್ಲಿಗೇ ಬಿಟ್ಟು, ಹೊರಗೆ ಹೋಗಿ ಯಾರಿಗೋ ಫೋನ್ ಮಾಡುತ್ತಾರೆ. ಆ ಪ್ರಶ್ನೆಗೆ ಉತ್ತರ ಹುಡುಕಲು ಬಳೆಯೇನೂ ಬೇಕಾಗಿಲ್ಲ. ಎರಡು ಸಾವಿರದ ಅರವತ್ತಮೂರರ ತನಕ ಕಾಯಬೇಕಾಗಿಯೂ ಇಲ್ಲ.